ಕೆಂಪು ಫ್ಯೂಸ್, ಹಸಿರು ಫ್ಯೂಸ್

ನಮ್ಮವರಿಗೆ ಕೆಂಪು ಯಾವುದು, ಹಸಿರು ಯಾವುದು ಗೊತ್ತಾಗುತ್ತಿರಲಿಲ್ಲ. ಅವರು ಮೋಟಾರ್ ಸೈಕಲ್ ವೈರಿಂಗ್ ಕೆಲಸದವರು. ಈ ವಿಷಯ ಹೊರಗೆ ಗೊತ್ತಾಗಿದ್ದರೆ ಅಂಗಡಿಗೆ ನಾಯಿಯೂ ಬರುತ್ತಿರಲಿಲ್ಲ. ಈಗ ಅವರಿಲ್ಲ, ಅಂಗಡಿಯೂ ಇಲ್ಲ. ಬರೆಯಲು ಅಡ್ಡಿಯಿಲ್ಲ.

ನನಗೆ ತಿಳಿದದ್ದು ಮದುವೆಯಾದ ಹೊಸತರಲ್ಲಿ. ನಾನು ಹಸಿರು ಸ್ವೆಟರ್ ಹಾಕಿಕೊಂಡಿದ್ದೆ. "ಈ ಕೆಂಪು ನಿನಗೆ ಚೆನ್ನಾಗಿ ಒಪ್ಪುತ್ತೆ ಕಣೇ" ಅಂದರು. ತಮಾಷೆ ಅಂದುಕೊಂಡು ನಕ್ಕೆ. ಅವರ ಮುಖ ಸಪ್ಪಗಾಯಿತು. ಎರಡೂ ಒಂದೇ ಕೆಸರಿನ ಬಣ್ಣವಾಗಿ ಕಾಣುತ್ತವೆ ಎಂದು ಅವತ್ತು ಹೇಳಿದರು. ನೀಲಿ, ಹಳದಿ ಸರಿಯಾಗಿ ಕಾಣುತ್ತಿತ್ತು. ಕೆಲಸ ಕಲಿಸಿದ ಗುರುವಿಗೂ ಹೇಳಿರಲಿಲ್ಲವಂತೆ. ಟೆಸ್ಟ್ ಲ್ಯಾಂಪ್ ಮುಟ್ಟಿಸಿ ಮುಟ್ಟಿಸಿ ಯಾವ ವೈರು ಯಾವುದೆಂದು ಹುಡುಕುತ್ತಿದ್ದರಂತೆ.

ಆಮೇಲೆ ನಾನೂ ಅಂಗಡಿಗೆ ಹೋಗತೊಡಗಿದೆ. ಅಂಗಡಿ ಎಂದರೆ ಒಂದು ಶಟರ್, ಒಂದು ಬೆಂಚು, ಮೊಳೆಗೆ ತೂಗುಹಾಕಿದ ವೈರಿನ ಸುರುಳಿಗಳು. ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. "ತಗೊಳ್ಳಿ ಕೆಂಪು. ಇದು ಹಸಿರು, ಆ ಕಡೆ ಸರಿಸಿ" ಎಂದು ಸುಮ್ಮನೆ ಬಾಯಿಬಡುಕಿಯ ಹಾಗೆ ಹೇಳುತ್ತಾ ಇರುತ್ತಿದ್ದೆ. ನೋಡಿದವರು ನನ್ನನ್ನು ಗಂಡನ ತಲೆ ಮೇಲೆ ಕೂತವಳು ಅಂದುಕೊಂಡರು. ಅದೇ ಒಳ್ಳೆಯದಾಯಿತು.

ಪಕ್ಕದ ಪಂಕ್ಚರ್ ಅಂಗಡಿಯವನು ಬಿಡುತ್ತಿರಲಿಲ್ಲ. "ಅಣ್ಣಾ, ಅತ್ತಿಗೆ ಅಪ್ಪಣೆ ಆಗದೆ ವೈರ್ ಮುಟ್ಟೋ ಹಾಗೇ ಇಲ್ವಾ?"

"ನಿನ್ನ ಹೆಂಡ್ತಿ ಅಪ್ಪಣೆ ಕೊಡಲ್ವೇನೋ?"

"ಕೊಡ್ತಾಳೆ. ಆದ್ರೆ ನಮ್ಮದು ಮನೇಲೇ ಮುಗಿದುಹೋಗುತ್ತೆ ಅಣ್ಣಾ, ಅಂಗಡಿವರೆಗೂ ಬರಲ್ಲ."

ನಮ್ಮವರು ನಗುತ್ತಿದ್ದರು. ಬೆಂಚಿನ ಕೆಳಗೆ ಕಾಲಿನಿಂದ ನನ್ನ ಕಾಲನ್ನು ಮುಟ್ಟುತ್ತಿದ್ದರು.

ಕೆಲಸದಲ್ಲಿ ಅವರು ಹಟಮಾರಿ. ಗಾಡಿಗೆ ಹೆಚ್ಚಿನ ಲೈಟು, ಜೋರು ಹಾರ್ನ್, ಫೋನ್ ಚಾರ್ಜರ್ ಬೇಕೆಂದು ಜನ ಬರುತ್ತಿದ್ದರು. ಬೇರೆಯವರು ಹೆಡ್‌ಲೈಟಿನ ವೈರನ್ನೇ ಸೀಳಿ ಅದಕ್ಕೆ ಸುತ್ತಿ ಕಳಿಸುತ್ತಿದ್ದರು. ಇವರು ಬ್ಯಾಟರಿಯಿಂದ ಬೇರೆ ಲೈನ್ ಎಳೆಯುತ್ತಿದ್ದರು. ಬ್ಯಾಟರಿಯ ಪಕ್ಕದಲ್ಲೇ ಅದಕ್ಕೊಂದು ಫ್ಯೂಸ್. ಕೀಲಿ ತಿರುಗಿಸಿದರೆ ಮಾತ್ರ ಲೈನಿಗೆ ಕರೆಂಟು ಬರುವ ಹಾಗೆ ಒಂದು ರಿಲೇ. ವೈರು ಎಲ್ಲಾದರೂ ಉಜ್ಜಿ ಕಬ್ಬಿಣಕ್ಕೆ ತಾಗಿದರೆ ಕರೆಂಟು ಒಮ್ಮೆಲೇ ನುಗ್ಗುತ್ತದೆ. ಆಗ ವೈರಿಗಿಂತ ಮೊದಲು ಫ್ಯೂಸ್ ಕರಗಬೇಕು. ಹಾಗಾಗಿ ಸಣ್ಣ ವೈರಿಗೆ ಸಣ್ಣ ಫ್ಯೂಸೇ ಹಾಕಬೇಕು.

"ಪದೇ ಪದೇ ಫ್ಯೂಸ್ ಹೋಗುತ್ತೆ, ದೊಡ್ಡದು ಹಾಕ್ಬಿಡಿ ಯಜಮಾನ್ರೇ" ಎಂದು ಯಾರಾದರೂ ಅಂದರೆ ಇವರಿಗೆ ಸಿಟ್ಟು ಬರುತ್ತಿತ್ತು. "ದೊಡ್ಡದು ಹಾಕಿದ್ರೆ ಫ್ಯೂಸ್ ಹೋಗಲ್ಲಪ್ಪ. ಗಾಡಿ ಹೋಗುತ್ತೆ. ಬೇಕಾ?"

ಫ್ಯೂಸಿಗೂ ಬಣ್ಣ ಇರುತ್ತದೆ. ಹತ್ತು ಆಂಪಿಯರಿನ ಸಣ್ಣದು ಕೆಂಪು, ಮೂವತ್ತರ ದೊಡ್ಡದು ಹಸಿರು. ಮೇಲೆ ಅಂಕಿಯೂ ಇರುತ್ತದೆ, ಸಾಸಿವೆಯಷ್ಟು ಸಣ್ಣದು. ಡಬ್ಬದ ಖಾನೆಗಳಲ್ಲಿ ನಾನೇ ವಿಂಗಡಿಸಿ ಇಡುತ್ತಿದ್ದೆ. ಇವರು ಖಾನೆಯ ಗುರುತಿನ ಮೇಲೆ ತೆಗೆಯುತ್ತಿದ್ದರು.

ಎಷ್ಟೋ ವರ್ಷದ ಮೇಲೆ ಮಗಳ ಹೆರಿಗೆಗೆಂದು ಅವಳ ಊರಿಗೆ ನಾನು ಹೋಗಲೇಬೇಕಾಯಿತು. "ಲೈಟಿನ ಕೆಲಸ ತಗೋಬೇಡಿ. ಬಲ್ಬು, ಬ್ಯಾಟರಿ ಅಷ್ಟೇ ನೋಡ್ಕೊಳ್ಳಿ" ಎಂದು ಹೇಳಿ ಹೋದೆ.

"ಆಯ್ತು ಹೋಗೇ. ನೀನು ಬರೋಕೆ ಮುಂಚೆನೂ ನಾನು ಮೆಕ್ಯಾನಿಕ್ಕೇ" ಅಂದರು.

ಅಂಗಡಿ ಬೀದಿಗೆ ಬ್ರೆಡ್ ಹಾಕುವವನೊಬ್ಬ ಇದ್ದ. ಬೆಳಕು ಹರಿಯುವ ಮೊದಲೇ ಹೊರಡುವ ಕೆಲಸ. ಗಾಡಿಗೆ ಎರಡು ಲೈಟು ಹಾಕಿಕೊಡಿ ಎಂದು ದುಂಬಾಲು ಬಿದ್ದ. ಇವರಿಗೆ ಇಲ್ಲ ಅನ್ನಲಾಗಲಿಲ್ಲ. ಆ ದಿನವೇ ಫ್ಯೂಸ್ ಡಬ್ಬ ಕೈತಪ್ಪಿ ಬಿದ್ದು ಎಲ್ಲ ಚೆಲ್ಲಾಪಿಲ್ಲಿಯಾಗಿತ್ತು. ಕನ್ನಡಕ ಹಾಕಿಕೊಂಡು ಅಂಕಿ ನೋಡಿ ನೋಡಿ ತಾವೇ ಖಾನೆಗೆ ತುಂಬಿದರಂತೆ.

ನಾನು ಊರಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಆ ಗಾಡಿಯನ್ನು ತಳ್ಳುಗಾಡಿಯ ಮೇಲೆ ಹಾಕಿಕೊಂಡು ಬಂದರು. ಸೀಟು ಸುಟ್ಟು ತಂತಿ ಕಾಣುತ್ತಿತ್ತು. ಬೆಂಕಿ ಹತ್ತಿಕೊಂಡಾಗ ಹಿಂದೆ ಕಟ್ಟಿದ್ದ ಬ್ರೆಡ್ ಡಬ್ಬ ಬಿಚ್ಚಲು ಹೋಗಿ ಅವನ ಬಲಗೈ ಸುಟ್ಟಿತ್ತು. ಮೊಣಕೈವರೆಗೂ ಬಟ್ಟೆ ಸುತ್ತಿದ್ದರು. ಅವನು ಬೈಯಲಿಲ್ಲ. "ಯಾಕೆ ಹೀಗಾಯ್ತು ನೋಡಿ ಯಜಮಾನ್ರೇ" ಅಂದ, ಅಷ್ಟೇ.

ಪಂಕ್ಚರ್‌ನವನೂ ಬಂದು ನಿಂತ. "ಕಂಪನಿ ವೈರೇ ಸರಿ ಇಲ್ಲ ಬಿಡಣ್ಣ ಈಗಿನವು" ಅಂದ. ಆ ಮಾತು ಹಿಡಿದುಕೊಂಡಿದ್ದರೆ ಆಗುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ.

ನಮ್ಮವರು ಸುಟ್ಟ ಸೀಟು ಎತ್ತಿದರು. ಟ್ಯಾಂಕಿನ ಕೆಳಗೆ ವೈರು ಉಜ್ಜಿ ಸವೆದಿತ್ತು. ಅದನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಬ್ಯಾಟರಿಯ ಪಕ್ಕದಿಂದ ಫ್ಯೂಸ್ ಕಿತ್ತರು. ಅದು ಕರಗದೆ ಗಟ್ಟಿಮುಟ್ಟಾಗಿತ್ತು. ಅವರ ಮುಖ ನೋಡಿದೆ. ಗೊತ್ತಾಗಿಹೋಗಿತ್ತು.

"ಇದು ಯಾವ ಬಣ್ಣನೇ?" ಎಂದು ನನ್ನನ್ನು ಕೇಳಿದರು.

ನಾನು ಬೇಡ ಎಂದು ಕಣ್ಸನ್ನೆ ಮಾಡಿದೆ.

"ಯಾವ ಬಣ್ಣ ಹೇಳು." ಈ ಸಲ ಜೋರಾಗಿ.

"ಹಸಿರು ಕಣ್ರೀ."

ಅವರು ಬ್ರೆಡ್‌ನವನ ಕಡೆ ತಿರುಗಿದರು. "ಹತ್ತರದ್ದು ಹಾಕಬೇಕಿತ್ತು. ಮೂವತ್ತರದ್ದು ಹಾಕಿದೀನಿ. ನನಗೆ ಕೆಂಪು ಹಸಿರು ತಿಳಿಯಲ್ಲ ತಮ್ಮಾ. ಮೊದಲಿಂದಲೂ ಅಷ್ಟೇ. ತಪ್ಪು ನಂದು."

ಪಂಕ್ಚರ್‌ನವನು ನನ್ನ ಸ್ಟೂಲ್ ನೋಡಿದ, ನನ್ನನ್ನು ನೋಡಿದ. ಇಷ್ಟು ವರ್ಷದ ಮಾತೆಲ್ಲ ಅವನಿಗೆ ಆಗ ಅರ್ಥವಾಯಿತು.

ಆ ಗಾಡಿಯನ್ನು ನಮ್ಮವರೇ ಸರಿಮಾಡಿಸಿಕೊಟ್ಟರು, ಬೇರೆಯವರ ಕೈಯಲ್ಲಿ. ಅವನ ಕೈ ವಾಸಿಯಾಯಿತು, ಆದರೆ ಕಿರುಬೆರಳು ಮಡಚಲು ಬರಲಿಲ್ಲ. ಅವನು ಆಮೇಲೊಮ್ಮೆ ಬಂದ. "ನಾನು ಯಾರ ಹತ್ರನೂ ಬಾಯಿಬಿಟ್ಟಿಲ್ಲ. ಅಕ್ಕ ನಿಮ್ಮ ಜೊತೆಗೇ ಇರ್ತಾರಲ್ಲ, ನೀವು ಕೆಲಸ ಮಾಡಿ" ಅಂದ. ಪಂಕ್ಚರ್‌ನವನೂ ಬಾಯಿಬಿಡಲಿಲ್ಲ. ಜನ ಬರುತ್ತಲೇ ಇದ್ದರು.

ಇವರು ಬಂದವರನ್ನೆಲ್ಲ ವಾಪಸ್ ಕಳಿಸಿದರು.

ನಾನು ಹೇಳಿನೋಡಿದೆ, ಜಗಳ ಆಡಿದೆ. ಒಂದು ದಿನ ನಾನೇ ಎರಡು ವೈರು ಹಿಡಿದು ಮುಂದೆ ಚಾಚಿದೆ. "ನಾನಿದ್ದೀನಲ್ಲ ರೀ. ಇದು ಕೆಂಪು, ಇದು ಹಸಿರು. ತಗೊಳ್ಳಿ."

ಅವರು ಕೈ ಮುಂದೆ ಮಾಡಿದರು. ವೈರು ಮುಟ್ಟುವ ಮೊದಲೇ ಹಿಂದಕ್ಕೆ ಎಳೆದುಕೊಂಡರು.

"ನೀನು ಹೇಳೋದು ಸರಿಯಾಗೇ ಇರುತ್ತೆ ಕಣೇ. ನನ್ನ ಕೈಯನ್ನೇ ನಾನು ನಂಬಲ್ಲ ಈಗ" ಅಂದರು.

ಆಮೇಲೂ ದಿನಾ ಶಟರ್ ಎತ್ತುತ್ತಿದ್ದರು. ಬೆಂಚು ಒರೆಸುತ್ತಿದ್ದರು. ಮಧ್ಯಾಹ್ನದವರೆಗೆ ರಸ್ತೆ ನೋಡುತ್ತಾ ಕೂತು ಮನೆಗೆ ಬರುತ್ತಿದ್ದರು. ಊಟ ಕಡಿಮೆಯಾಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. ಮಗಳು ಕೂಸನ್ನು ತಂದು ತೊಡೆಯ ಮೇಲೆ ಹಾಕಿದಳು. ಎತ್ತಿಕೊಳ್ಳಲು ಹೆದರಿದರು.

ಚಳಿಗಾಲ ಮುಗಿಯುವ ಹೊತ್ತಿಗೆ ಹೋಗಿಬಿಟ್ಟರು. ಡಾಕ್ಟರು ಹೃದಯ ನಿಂತಿತು ಅಂದರು. ಯಾಕೆ ಎಂದು ನಾನು ಕೇಳಲಿಲ್ಲ.