ಜುಬ್ಬಾದೊಳಗಿನ ಬುಡ್ಡಿ

ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ನನ್ನ ಜುಬ್ಬಾದೊಳಗೆ ಒಂದು ಪ್ಲಾಸ್ಟಿಕ್ ಬುಡ್ಡಿ ನೇತಾಡುತ್ತಿತ್ತು. ಅದರ ಕೊಳವೆಯ ಇನ್ನೊಂದು ತುದಿ ನನ್ನ ಕಿವಿಯ ಹಿಂದೆ, ಚರ್ಮದೊಳಗಿತ್ತು.

ಕಿವಿಯ ಕೆಳಗಿನ ಜೊಲ್ಲಿನ ಗ್ರಂಥಿಯಲ್ಲಿ ಗಡ್ಡೆ. ಐವತ್ತೆಂಟು ವರ್ಷ ಕಂಡ ಕಂಡ ಒಗ್ಗರಣೆಗೆಲ್ಲ ಬಾಯಲ್ಲಿ ನೀರೂರಿಸಿಕೊಂಡು ಅದನ್ನು ದುಡಿಸಿದ್ದೆ; ಮುನಿಸಿಕೊಂಡಿದ್ದರಲ್ಲಿ ತಪ್ಪಿಲ್ಲ. ಮೊದಲು ಪತ್ತೆ ಹಚ್ಚಿದ್ದು ಗುಬ್ಬಿಯಲ್ಲಿ ನನಗೆ ಕ್ಷೌರ ಮಾಡುವವನು. ತುಮಕೂರಿನ ಡಾಕ್ಟರು ಪರೀಕ್ಷೆ ಮಾಡಿಸಿ, ಕೆಟ್ಟ ಗಡ್ಡೆಯಲ್ಲ, ಆದರೂ ತೆಗೆಸಿಬಿಡಿ ಎಂದರು. ತೆಗೆದ ಜಾಗದಲ್ಲಿ ರಕ್ತ, ನೀರು ನಿಲ್ಲಬಾರದೆಂದು ಡ್ರೈನ್, ಅಂದರೆ ಈ ಕೊಳವೆ-ಬುಡ್ಡಿ, ಇಟ್ಟರು. ಇಡಲೇಬೇಕೇ ಎಂದು ಕೇಳಿದ್ದಕ್ಕೆ, ಕೆಲವರು ಇಡುತ್ತಾರೆ, ಕೆಲವರು ಬಿಗಿಯಾಗಿ ಪಟ್ಟಿ ಕಟ್ಟಿ ಕಳಿಸುತ್ತಾರೆ, ನಾನು ಇಡುವವನು ಎಂದರು. ಸಾರಿಗೆ ಇಂಗು ಹಾಕುವ ವಿಚಾರದಲ್ಲೂ ನಮ್ಮ ಮನೆಗಳಲ್ಲಿ ಇದೇ ನ್ಯಾಯ.

ಬುಡ್ಡಿ ಸಮೇತ ಉಪ್ಪಾರಹಳ್ಳಿಯ ಮನೆಗೆ ಕಳಿಸುವಾಗ ನರ್ಸು ನನ್ನ ಮಗಳು ಸುಧಾಗೆ ಪಾಠ ಹೇಳಿಕೊಟ್ಟರು: ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಖಾಲಿ ಮಾಡಿ, ಅಳೆದು ಬರೆದು, ಗಾಳಿ ಹೋಗುವಂತೆ ಅಮುಕಿ ಮುಚ್ಚಬೇಕು.

ನನ್ನ ಹೆಂಡತಿ ಜಯಳ ಸಂಕಟ ಬೇರೆ. ಗಂಡಿನ ಕಡೆಯ ಕುಣಿಗಲ್ಲಿನವರು ಆ ಭಾನುವಾರ ಬರುತ್ತೇವೆಂದು ಮೊದಲೇ ಹೇಳಿದ್ದರು. ಸುಧಾಗೆ ಹುಡುಗನ ಫೋಟೊ ಹಿಡಿಸಿತ್ತು. ಅಪ್ಪನಿಗೆ ಗಡ್ಡೆ ಎಂದು ತಿಳಿದರೆ, ವಂಶದಲ್ಲೇ ಇದೆ ಎಂದು ಎದ್ದುಹೋದರೆ? ಹಾಗಾಗಿ ಏಪ್ರಿಲ್ ಸೆಕೆಯಲ್ಲಿ ನನಗೆ ಮಫ್ಲರ್ ಸುತ್ತಿದಳು. ಕೇಳಿದರೆ ಹಲ್ಲುನೋವು ಎನ್ನಬೇಕು. ಒಪ್ಪಿದೆ. ಹೆಂಡತಿಯ ಎದುರು ಧೈರ್ಯ ತೋರಿಸುವುದು ಆಪರೇಷನ್ನಿಗಿಂತ ಅಪಾಯ.

ಅವರು ಐದಕ್ಕೆ ಬಂದರು. ಭಾನುವಾರ ಆರರವರೆಗೆ ರಾಹುಕಾಲ; ಅದು ಮುಗಿಯುವವರೆಗೆ ಹುಡುಗಿಯನ್ನು ಕರೆಯುವಂತಿಲ್ಲ. ಎರಡೂ ಕಡೆಯವರು ತೆಂಗಿನ ನುಸಿಯ ಬಗ್ಗೆ ಮಾತಾಡುತ್ತ ಕುಳಿತೆವು. ಜಯ ರಾಹುವನ್ನು ನೆನಪಿಟ್ಟುಕೊಂಡಿದ್ದಳು, ಬುಡ್ಡಿಯನ್ನು ಮರೆತಿದ್ದಳು. ಸರಿಯಾಗಿ ಆರಕ್ಕೆ ಸುಧಾ ರೇಷ್ಮೆ ಸೀರೆಯಲ್ಲಿ ಹೊರಬಂದಳು. ಕೈಯಲ್ಲಿ ಕೇಸರಿಬಾತಿನ ತಟ್ಟೆಯ ಬದಲು ಅಳತೆಯ ಲೋಟ.

"ಅಪ್ಪ, ಟೈಮಾಯ್ತು. ಮಫ್ಲರ್ ತೆಗಿ."

ಜಯ ಮಗಳನ್ನು ಕಣ್ಣಲ್ಲೇ ಸುಟ್ಟಳು. ಸುಧಾ ಮಾತ್ರ ಗಡ್ಡೆಯ ವಿಷಯವನ್ನು ಇದ್ದದ್ದು ಇದ್ದ ಹಾಗೆ ಎಲ್ಲರಿಗೂ ಹೇಳಿ, ಬುಡ್ಡಿ ಹೊರತೆಗೆದಳು. ಬಿಚ್ಚಲು ಎರಡು ಕೈ ಬೇಕು, ಲೋಟಕ್ಕೆ ಮೂರನೆಯದು. ದಿನವೂ ಲೋಟ ಹಿಡಿಯುತ್ತಿದ್ದ ಜಯ ಅಡುಗೆಮನೆ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದಳು. ಸಂಬಂಧ ಮುರಿದರೆ ಅದಕ್ಕೆ ನನ್ನ ಕತ್ತೇ ಕಾರಣ. ಆಗ ಹುಡುಗ ಎದ್ದ. ಬಾಗಿಲ ಕಡೆ ಹೋಗುತ್ತಾನೆಂದುಕೊಂಡೆ. ಬಚ್ಚಲಿಗೆ ಹೋಗಿ ಕೈ ತೊಳೆದು ಬಂದು, ಲೋಟ ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದ.

"ಹನ್ನೆರಡು ಎಂಎಲ್. ಬೆಳಿಗ್ಗೆ ಎಷ್ಟಿತ್ತು?"

ಇಪ್ಪತ್ತು ಎಂದಳು ಸುಧಾ. ಇಳೀತಾ ಇದೆ ಬಿಡಿ ಎಂದು ಅವನು ನನಗೆ ಸಮಾಧಾನ ಹೇಳಿದ. ಅವನ ತಾಯಿ ನಿಟ್ಟುಸಿರುಬಿಟ್ಟು, ಈ ಸೆಕೆಯಲ್ಲಿ ಮಫ್ಲರ್ ಯಾಕೆಂದು ಆಗಿನಿಂದ ತಲೆ ಕೆಡಿಸಿಕೊಂಡಿದ್ದೆ ಎಂದರು.

ಅವರು ಹೋದ ಮೇಲೆ ಜಯ ಹರಿಹಾಯ್ದಳು: ಹತ್ತು ನಿಮಿಷ ತಡೆದಿದ್ದರೆ ಗಂಟೇನು ಹೋಗುತ್ತಿತ್ತು?

"ನಾಳೆ ನಂಗೂ ಕಾಯಿಲೆ ಬರತ್ತೆ ಕಣಮ್ಮ," ಎಂದಳು ಸುಧಾ, ಲೋಟ ತೊಳೆಯುತ್ತ. "ಮೂಗು ಮುಚ್ಕೊಳೋನೋ, ಲೋಟ ಹಿಡಿಯೋನೋ ಅಂತ ಇವತ್ತೇ ಗೊತ್ತಾಯ್ತಲ್ಲ."

ಹೆಣ್ಣು ನೋಡಲು ಬಂದವರು ಅವರು ಎಂದುಕೊಂಡು ನಾನು ಸಂಜೆಯೆಲ್ಲ ಬೆವರಿದ್ದೆ.