ಗರಿಯ ಕೆಳಗಿನ ಗೂಡು

ಹೊನ್ನವಳ್ಳಿ ಪಕ್ಕದ ನಮ್ಮ ತೋಟ ಬಿಟ್ಟು ಅಂಡಮಾನ್‌ಗೆ ಪ್ರವಾಸ ಹೊರಟಾಗ ನನಗೆ ಐವತ್ತಾರು ವರ್ಷ. ನನ್ನ ಹೆಂಡತಿ ಕೇಳಿದ್ದು ಒಂದೇ, ಅಲ್ಲಿ ಚಿಟ್ಟೆ ನೋಡಬೇಕು ಅಂತ. ಜನ ಸಮುದ್ರ ನೋಡಲು ಅಷ್ಟು ದೂರ ಹೋಗುತ್ತಾರೆ, ಚಿಟ್ಟೆಗಾಗಿ ಯಾರಾದರೂ ವಿಮಾನ ಹತ್ತುತ್ತಾರೆಯೇ?

"ನಮ್ ತೋಟದಾಗೇ ಬೇಕಾದಷ್ಟವೆ ಕಣೇ," ಎಂದೆ.

"ಅವೆ. ನೀವು ಉಳುಸಿದ್ರೆ ತಾನೆ," ಎಂದಳು.

ಅವಳ ಮಾತಿಗೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ನಮ್ಮ ತೆಂಗಿಗೆ ಕಪ್ಪು ತಲೆ ಹುಳು ಬಿದ್ದಿತ್ತು. ಹಸಿರು ತೋಟ ಬೆಂಕಿ ಬಿದ್ದ ಹಾಗೆ ಒಣಗಿತು. ಹುಳು ಹತ್ತಿದ ಗರಿಗಳನ್ನೆಲ್ಲ ವಾರಗಟ್ಟಲೆ ಕಡಿಸಿ ಸುಟ್ಟೆ. ಆಮೇಲೆ ಯಾವ ಗಿಡದಲ್ಲಿ ಯಾವ ಹುಳು ಕಂಡರೂ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಹಿತ್ತಲಿನ ನಿಂಬೆ ಗಿಡದಲ್ಲಿ ಹೆಂಡತಿ ಒಂದು ಹಸಿರು ಹುಳುವನ್ನು ವಾರದಿಂದ ಕಾಯುತ್ತಿದ್ದಳು. ಅದು ಚಿಟ್ಟೆಯಾಗುವುದನ್ನು ಕಣ್ಣಾರೆ ನೋಡುವ ಆಸೆ ಅವಳಿಗೆ. ನಾನು ಅದನ್ನು ಕಿತ್ತು ಕೋಳಿಗೆ ಹಾಕಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅಲ್ಲಿಂದಾಚೆಗೆ ನನ್ನೆದುರು ಚಿಟ್ಟೆಯ ಮಾತೇ ಆಡಲಿಲ್ಲ, ಈ ಪ್ರವಾಸದವರೆಗೂ.

ನಾವು ಉಳಿದುಕೊಂಡದ್ದು ಒಂದು ಸಣ್ಣ ದ್ವೀಪದಲ್ಲಿ, ಒಬ್ಬ ಅಜ್ಜಿ ನಡೆಸುವ ನಾಲ್ಕು ಕೋಣೆಯ ಮನೆಯಲ್ಲಿ. ಮೊದಲೆರಡು ದಿನ ಹೆಂಡತಿ ಫೋನು ಹಿಡಿದು ಪೊದೆ ಪೊದೆ ಹುಡುಕಿದಳು. ಛತ್ರಿ ಹಿಡಿದು ಹಿಂದೆ ನಡೆದ ನನ್ನ ಕಣ್ಣೆಲ್ಲ ಮೇಲೆ, ತೆಂಗಿನ ಸುಳಿಯಲ್ಲಿ. ಬಲಿತ ಕಾಯಿ ಹೇಳುವವರು ಕೇಳುವವರಿಲ್ಲದೆ ಬಿದ್ದು ಮರಳಲ್ಲೇ ಮೊಳೆತಿದ್ದವು. ನಮ್ಮ ಕಡೆಯಾಗಿದ್ದರೆ ಅಟ್ಟ ಸೇರಿ ವರ್ಷದೊಳಗೆ ಕೊಬ್ಬರಿಯಾಗುತ್ತಿದ್ದವು. ನನಗೆ ಹೊಟ್ಟೆ ಉರಿಯಿತು.

ಎರಡನೇ ದಿನ ಸಂಜೆ ಅವಳು ಓಡೋಡಿ ಬಂದಳು. "ರೀ, ಅಂಗಳದಾಗೆ ಎಲೆ ಕೆಳಗೆ ಒಂದು ಚಿಟ್ಟೆ ಗೂಡು ನೇತಾಡ್ತೈತೆ. ಹಸುರು, ಮೇಲೆ ಕೆಂಪು ಗೆರೆ. ನಾವು ಹೊರಡೋದ್ರೊಳಗೆ ಒಡೀಬೋದು ಅಂತ ಅಜ್ಜಿ ಅಂತು."

ನಾನು "ಹ್ಞೂಂ" ಎಂದೆ. ಯಾವ ಗಿಡ ಎಂದು ಕೇಳಲಿಲ್ಲ. ಚಿಟ್ಟೆ ಎಂದ ಮೇಲೆ ಹೂವಿನ ಗಿಡವೇ ಇರಬೇಕು, ನಲ್ಲಿಯ ಪಕ್ಕದ ದಾಸವಾಳ ಎಂದುಕೊಂಡೆ.

ನಾಲ್ಕನೇ ದಿನ ಅವಳು ಉಳಿದ ಪ್ರವಾಸಿಗರ ಜೊತೆ ದೋಣಿ ಹತ್ತಿ ಹೋದಳು. ನನಗೆ ದೋಣಿಯಲ್ಲಿ ಹೊಟ್ಟೆ ತೊಳೆಸುತ್ತದೆ, ಉಳಿದೆ. ಕೈಗೆ ಕೆಲಸವಿಲ್ಲದೆ ಕೂತಿದ್ದಾಗ ಅಂಗಳದ ಮೂಲೆಯ ತೆಂಗಿನ ಸಸಿ ಕಣ್ಣಿಗೆ ಬಿತ್ತು. ಎದೆಯೆತ್ತರದ ಒಳ್ಳೆ ಸಸಿ, ಕೆಳಗಿನ ಒಂದು ಗರಿಯನ್ನು ಮಾತ್ರ ಯಾವುದೋ ಹುಳು ಅಂಚಿನಿಂದ ಕಡಿದು ತಿಂದಿತ್ತು. ಅಷ್ಟು ಸಾಕಾಯಿತು. ಅಜ್ಜಿಯ ಮಚ್ಚು ತಂದು ಆ ಗರಿ ಕಡಿದೆ, ಅವರು ಕಸ ಸುಡುವ ಗುಡ್ಡೆಯ ಮೇಲೆ ಎಸೆದೆ. ಒಂದು ಪುಣ್ಯದ ಕೆಲಸ ಮಾಡಿದೆ ಎಂದು ಬೀಗುತ್ತಾ ಕೈ ತೊಳೆದುಕೊಂಡೆ.

ಅಜ್ಜಿ ಗುಡ್ಡೆಗೆ ಬೆಂಕಿ ಹಚ್ಚಿ ಹಿಂದಿರುಗುವಾಗ ಸಸಿಯ ಮುಂದೆ ನಿಂತರು. ಗರಿ ಕಡಿದ ಬುಡವನ್ನೂ ನನ್ನನ್ನೂ ನೋಡಿ ಹಿಂದಿಯಲ್ಲಿ ಕೇಳಿದರು: "ತಿತ್ಲಿ? ತಿತ್ಲಿ ಕಹಾಂ?"

ತಿತ್ಲಿ ಎಂದರೆ ಚಿಟ್ಟೆ, ಅದೆಲ್ಲಿ ಎಂದು ಕೇಳುತ್ತಿದ್ದರು, ಅಷ್ಟು ಹಿಂದಿ ನನಗೆ ಗೊತ್ತು. ತೆಂಗಿನ ಗರಿ ತಿಂದು ಬೆಳೆಯುವ ಹುಳುವೂ ಚಿಟ್ಟೆಯಾಗಬಹುದು ಎಂದು ಹುಟ್ಟಿದಾಗಿನಿಂದ ತೋಟದಲ್ಲೇ ಇರುವ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಗುಡ್ಡೆಯ ಒಂದು ಮಗ್ಗುಲು ಆಗಲೇ ಹೊಗೆಯಾಡುತ್ತಿತ್ತು. ಓಡಿಹೋಗಿ ಗರಿ ಎಳೆದೆ, ಮುಂಗೈ ಚುರ್ರೆಂದಿತು. ತುದಿ ಬಾಡಿದ್ದರೂ ನಡುವಿನ ಎಲೆಯ ಕೆಳಗೆ ಹೆಬ್ಬೆರಳ ಉಗುರಿನಷ್ಟು ಉದ್ದದ ಹಸಿರು ಗೂಡು ಹಾಗೇ ನೇತಾಡುತ್ತಿತ್ತು.

ಅಂಗಳದಲ್ಲಿ ಬಿದ್ದಿದ್ದ ಕಾಯಿಯ ಸಿಪ್ಪೆಯಿಂದ ನಾರು ಸೀಳಿ, ನೀರಲ್ಲಿ ನೆನೆಸಿ, ಗರಿಯನ್ನು ಕಡಿದ ಬುಡಕ್ಕೇ ಸೇರಿಸಿ ಕಟ್ಟಿದೆ. ಎರಡು ಕಾಯಿ ಜೋಡಿಸಿ ತೊಲೆಗೆ ನೇತುಹಾಕಲು ನಮ್ಮ ಮನೆಗಳಲ್ಲಿ ಹಾಕುವ ಗಂಟು ಅದು, ನಮ್ಮಪ್ಪ ಕಲಿಸಿದ್ದು. ಗೂಡು ಮೊದಲಿನಂತೆಯೇ ಕೆಳಮುಖವಾಗಿ ತೂಗಬೇಕಿತ್ತು, ಮೂರು ಸಲ ಬಿಚ್ಚಿ ಕಟ್ಟಿದೆ. ಅಜ್ಜಿ ಪಕ್ಕದಲ್ಲಿ ನಿಂತು ತಲೆ ಚಚ್ಚಿಕೊಳ್ಳುತ್ತಿದ್ದರು.

ಸಂಜೆ ಹೆಂಡತಿ ದೋಣಿ ಇಳಿದು ಬಂದವಳೇ ಸಸಿಯ ಹತ್ತಿರ ಹೋಗಿ ಕೂತಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಎದ್ದು ಬಂದು, "ಮೀನು ಚೆನ್ನಾಗಿದ್ವು ಕಣ್ರೀ," ಎಂದಳು, ಅಷ್ಟೆ. ಅವಳಿಗೆ ಗಂಟು ಕಂಡಿಲ್ಲ, ಸದ್ಯ ನಾನು ಬಚಾವಾದೆ ಎಂದುಕೊಂಡೆ. ಆದರೆ ಒಳಗಿನದು ಸತ್ತಿದ್ದರೆ? ಈ ಸಲವೂ ಅವಳು ಬೈಯದೆ ಸುಮ್ಮನಾಗಿಬಿಟ್ಟರೆ ಆ ಮೌನವನ್ನು ಹೊರುವುದು ನನ್ನಿಂದಾಗುತ್ತಿರಲಿಲ್ಲ.

ಮರುದಿನ ಹತ್ತು ಗಂಟೆಗೆ ನಮ್ಮ ಹಡಗು. ಬೆಳಿಗ್ಗೆ ಹೋಗಿ ನೋಡಿದರೆ ಗೂಡು ಕಪ್ಪಾಗಿತ್ತು. ಸತ್ತೇಹೋಯಿತು ಎಂದುಕೊಂಡೆ. ಹೆಂಡತಿ ಮಾತ್ರ ಚಹಾದ ಲೋಟ ಹಿಡಿದು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಎಂಟರ ಹೊತ್ತಿಗೆ ಗೂಡು ಸೀಳಿತು. ಒದ್ದೆಯಾದ, ಮುದುರಿದ ಒಂದು ಜೀವ ತಡವರಿಸುತ್ತ ಹೊರಬಂದು ಎಲೆಗೆ ಜೋತುಬಿತ್ತು. ರೆಕ್ಕೆ ನಿಧಾನಕ್ಕೆ ಹರಡಿಕೊಂಡಿತು. ಕಂದು ಬಣ್ಣದ್ದು, ಅಂಥ ಚಂದವೇನೂ ಇರಲಿಲ್ಲ. ನನಗೆ ಮಾತ್ರ ಅಳು ಬಂತು.

ಅದು ಹಾರಿಹೋದ ಮೇಲೆ ತಡೆಯಲಾಗದೆ ಹೇಳಿಬಿಟ್ಟೆ: "ನೆನ್ನೆ ಆ ಗರಿನ ನಾನೇ ಕಡಿದಿದ್ದೆ ಕಣೇ."

"ಗೊತ್ತು ಬುಡ್ರಿ," ಎಂದಳು. "ಬಂದ ತಕ್ಷಣ ಕಾಣುಸ್ತು. ಈ ದ್ವೀಪದಾಗೆ ಜೋಡಿಕಾಯಿ ಗಂಟು ಹಾಕೋರು ಇನ್ಯಾರವ್ರೆ?"

"ಮತ್ತೆ ಯಾಕೆ ಬೈಲಿಲ್ಲ?"

"ಬೈಯೋಣ ಅಂತಲೇ ಎದ್ದೆ. ಇಷ್ಟು ವರ್ಷ ಕಡಿದಿದ್ದೇ ನೋಡಿದ್ದೆ ಕಣ್ರೀ, ಕಡಿದಿದ್ದನ್ನ ವಾಪಸ್ ಕಟ್ಟಿದ್ದು ಇದೇ ಮೊದಲು. ಅದಕ್ಕೇ ಬಾಯಿ ಬರಲಿಲ್ಲ."

ಅವಳು ನನ್ನ ಕೈ ಎಳೆದುಕೊಂಡು ಸುಟ್ಟ ಮುಂಗೈಯನ್ನು ತಿರುಗಿಸಿ ನೋಡಿದಳು. ಆಮೇಲೆ ಅಜ್ಜಿಯ ಹತ್ತಿರ ಕೊಬ್ಬರಿ ಎಣ್ಣೆ ಕೇಳಲು ಒಳಗೆ ಹೋದಳು.