ಎದುರುಮನೆ ಆಂಟಿಯ ಎಡೆ

ಎದುರುಮನೆ ಆಂಟಿಯ ಬಲಗಾಲಿನಲ್ಲಿ ಹೆಬ್ಬೆರಳು ಇರಲಿಲ್ಲ. ಸಕ್ಕರೆ ಕಾಯಿಲೆಯಿಂದ ಗಾಯ ಮಾಯದೆ ಕೊಳೆತು, ಡಾಕ್ಟರು ತೆಗೆದಿದ್ದರು. ಕಾಲು ಜಾರಬಾರದೆಂದು ಹಿಂದೆ ಪಟ್ಟಿಯಿರುವ ಗಂಡಸರ ಸ್ಯಾಂಡಲ್ ಹಾಕುತ್ತಿದ್ದರು. ರೇಷ್ಮೆ ಸೀರೆಗೂ ಅದೇ. ನೋಡಿದವರು ನಕ್ಕರೆ ತಾವೂ ನಗುತ್ತಿದ್ದರು.

ನಮ್ಮ ಬಡಾವಣೆ ಶೆಟ್ಟಿಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅವರು ಇಲ್ಲಿಯವರು. ನಾನು ಗದಗಿನಿಂದ ಬಂದು, ಕಾಲೇಜೊಂದರ ಆಫೀಸು ಸೇರಿ, ರೊಟ್ಟಿ ಬಡಿಯುವುದನ್ನು ಬಿಟ್ಟು, ಎರಡು ಹೊತ್ತೂ ಅನ್ನ ತಿಂದು ಕುರ್ಚಿಯಲ್ಲೇ ದಪ್ಪಗಾದವಳು. ಶುಗರ್ ಬಾರ್ಡರ್‌ನಲ್ಲಿದೆ ಎಂದು ಡಾಕ್ಟರು ಹೇಳಿದಾಗ, ಯುಗಾದಿ ಮುಗಿಯಲಿ, ಆಮೇಲೆ ನೋಡೋಣ ಅಂದುಕೊಂಡೆ. ಆಂಟಿಗೂ ಹಾಗೇ ಹೇಳಿದೆ.

“ಬಾರ್ಡರ್ ಅಂದ್ರೆ ಇನ್ನೂ ಈಚೆ ಕಡೆನೇ ಇದೀಯಾ ಕಣಮ್ಮ,” ಅಂದರು. “ನಾನೂ ಅಲ್ಲೇ ಇದ್ದೆ. ಇಂಗೇ ಹಬ್ಬ ಮುಗೀಲಿ ಅಂತ ಕಾದೆ. ನಮ್ಮಲ್ಲಿ ಹಬ್ಬ ಮುಗೀತದಾ?”

ಮರುದಿನ ಬೆಳಗಾಗುತ್ತಲೇ ಗೇಟು ಬಡಿದು ವಾಕಿಂಗಿಗೆ ಹೊರಡಿಸಿದರು. ಆಮೇಲೆ ದಿನವೂ ಅದೇ ಕಥೆ. ಕುಂಟುತ್ತ ಅವರು ಮುಂದೆ, ಏದುಸಿರು ಬಿಡುತ್ತ ನಾನು ಹಿಂದೆ. ವಾಪಸ್ ಬರುವಾಗ ದರ್ಶಿನಿಯ ಮುಂದೆ ನನ್ನ ಕಾಲು ತಡವರಿಸಿದರೆ ತೋಳು ಹಿಡಿದು ಎಳೆಯುತ್ತಿದ್ದರು. “ನಡೆದಿದ್ದನ್ನೆಲ್ಲ ಆ ಕೇಸರಿಬಾತಿಗೆ ಸುರೀತೀಯಾ?”

ನಾನು ಮತ್ತೆ ಜೋಳದ ರೊಟ್ಟಿ ಬಡಿಯುವಂತೆ ಮಾಡಿದವರೂ ಅವರೇ. ಬಿಸಿ ರೊಟ್ಟಿ ತಮಗೂ ಒಂದು ಬೇಕೆಂದು ತಟ್ಟೆ ಹಿಡಿದೇ ಬರುತ್ತಿದ್ದರು.

ನನ್ನ ಶುಗರ್ ಇಳಿಯಿತು. ಅವರ ಕಿಡ್ನಿ ಕೈಕೊಟ್ಟಿತು. ಈ ಶ್ರಾವಣದಲ್ಲಿ ಹೋಗಿಬಿಟ್ಟರು. ನನಗೆ ಅಳು ಬರಲಿಲ್ಲ, ಇನ್ನೂ ಬಂದಿಲ್ಲ. ಹಲ್ಲು ಕೀಳಿಸಿಕೊಂಡು ಬಂದಾಗ ದವಡೆ ಮರಗಟ್ಟಿರುತ್ತದಲ್ಲ, ಹಾಗಿದ್ದೇನೆ. ಬೆಳಿಗ್ಗೆ ಎದ್ದು ನಡೆಯುತ್ತೇನೆ, ಅಷ್ಟೇ.

ತಿಥಿಯ ದಿನ, ಹೋದವರಿಗೆ ಇಷ್ಟವಾದದ್ದನ್ನು ಎಡೆ ಇಡುವ ಪದ್ಧತಿಯಂತೆ, ಫೋಟೊದ ಮುಂದೆ ಬಾಳೆಲೆ ಹಾಸಿದ್ದರು. ಎಲೆಯ ತುಂಬ ಮೈಸೂರುಪಾಕು, ಜಿಲೇಬಿ, ಕಾಯಿ ಹೋಳಿಗೆ.

“ಅತ್ತೆಗೆ ಮೈಸೂರುಪಾಕು ಅಂದ್ರೆ ಪ್ರಾಣ ಕಣ್ರೀ,” ಅಂದರು ಅವರ ಸೊಸೆ. “ಬೆರಳು ಹೋದ್ಮೇಲೆ ಮುಟ್ಲೇ ಇಲ್ಲ. ಈಗಾದ್ರೂ ತಿನ್ಲಿ.”

ನನಗೆ ಇದು ಗೊತ್ತೇ ಇರಲಿಲ್ಲ. ನಾನು ಕೇಸರಿಬಾತಿಗಾಗಿ ದಾರಿಯುದ್ದಕ್ಕೂ ಗೋಳಾಡುತ್ತಿದ್ದಾಗ ಅವರು ತಮ್ಮ ಆಸೆಯ ಬಗ್ಗೆ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

ಸೊಸೆ ಎಡೆಯಿಂದ ಒಂದು ತುಂಡು ತೆಗೆದು ನನ್ನ ಅಂಗೈಯಲ್ಲಿಟ್ಟರು. “ಅತ್ತೆ ಹೆಸರಲ್ಲಿ ತಿನ್ಬೇಕು, ಬೇಡ ಅನ್ಬಾರ್ದು.”

ನಾನು ಅದನ್ನು ಮತ್ತೆ ಎಲೆಯ ಮೇಲಿಟ್ಟೆ.

“ಇದನ್ನೂ ಅವ್ರಿಗೇ ಬಿಡ್ರಿ,” ಅಂದೆ. “ತಿಂದು ಭಾಳ ವರ್ಷ ಆಗ್ಯಾವ.”